ಫೀ ಮಾಫಿಯವರು ನೋಡಲು ಬಂದ ದಿನ

ನನ್ನನ್ನು ನೋಡಲು ಜನ ಮನೆಗೆ ಬಂದದ್ದು ಜೀವಮಾನದಲ್ಲಿ ಎರಡು ಸಲ. ಎರಡನೆಯ ಸಲ ಬಂದವರು ನನ್ನ ಗಂಡನ ಮನೆಯವರು. ಅವರ ವಿಷಯ ಹೇಳುವಂಥದ್ದೇನಿಲ್ಲ. ಉಪ್ಪಿಟ್ಟು ತಿಂದರು, ಒಪ್ಪಿದರು, ಹೋದರು. ಮೊದಲ ಸಲ ಬಂದವರು ನನ್ನ ಕಾಲೇಜಿನ ಫೀ ಕೊಡಬೇಕೋ ಬೇಡವೋ ಎಂದು ನೋಡಲು ಬಂದವರು. ಅವರ ವಿಷಯ ಹೇಳದೆ ನನಗೆ ಇರಲಾಗುವುದಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ನಾವಿದ್ದದ್ದು ಪುಣೆಯ ಭವಾನಿ ಪೇಠೆಯ ಒಂದು ವಾಡೆಯಲ್ಲಿ, ಮಹಡಿಯ ಮೇಲಿನ ಎರಡು ಖೋಲಿಗಳಲ್ಲಿ. ಕೆಳಗೆ ನಡುವೆ ಅಂಗಳ, ಅಂಗಳಕ್ಕೊಂದು ನಳ, ನಳದ ಸುತ್ತ ದಿನವಿಡೀ ಹೆಂಗಸರ ಮಾತು. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಹತ್ತಿರದ ಒಂದು ಕಾಳಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಮನೆಯೊಳಗೆ ನಮ್ಮ ಕಡೆಯ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಪ್ಪನ ತಾಯಿ, ನನ್ನ ಅಜ್ಜಿ, ಮಾತ್ರ ಹೊಸ್ತಿಲಿನ ಎರಡೂ ಕಡೆ ಕನ್ನಡವನ್ನೇ ಮಾತಾಡುತ್ತಿದ್ದಳು. ವಾಡೆಯ ಮರಾಠಿ ಹೆಂಗಸರೇ ಕನ್ನಡ ಕಲಿತು ಅವಳಿಗೆ ಉತ್ತರ ಕೊಡುತ್ತಿದ್ದರು. ಅಜ್ಜಿಯ ಮುಂದೆ ಯಾರದೂ ಏನೂ ನಡೆಯುತ್ತಿರಲಿಲ್ಲ.

ನಾನು ಮ್ಯಾಟ್ರಿಕ್ ವರ್ಗದಲ್ಲಿದ್ದೆ. ನನಗೆ ಗಣಿತದ ಹುಚ್ಚು. ಉಳಿದ ಹುಡುಗಿಯರು ನಿದ್ದೆಗೆಟ್ಟು ಬಾಯಿಪಾಠ ಮಾಡುತ್ತಿದ್ದ ಪ್ರಮೇಯಗಳನ್ನು ನಾನು ಕಡಲೆಬೀಜ ತಿಂದ ಹಾಗೆ ಒಂದಾದ ಮೇಲೊಂದು ಬಿಡಿಸುತ್ತಿದ್ದೆ. ಶಾಲೆಯ ಮುಖ್ಯೋಪಾಧ್ಯಾಯಿನಿ ಬಾಯಿಯವರು ಅಪ್ಪನನ್ನು ಕರೆಸಿ, ಈ ಹುಡುಗಿಯನ್ನು ಕಾಲೇಜಿಗೆ ಕಳಿಸದಿದ್ದರೆ ನಿಮಗೆ ಪಾಪ ತಟ್ಟುತ್ತದೆ ಎಂದು ಹೇಳಿ ಕಳಿಸಿದ್ದರು. ಅಪ್ಪ ಮನೆಗೆ ಬಂದು, ಪಗಡಿ ಗೂಟಕ್ಕೆ ಹಾಕಿ, ನನ್ನನ್ನು ಹತ್ತಿರ ಕರೆದ.

"ನನ್ನ ಕೈಲೆ ಆಗೂದಿಲ್ಲ ತಂಗಿ," ಎಂದ. "ನಿನ್ನ ತಮ್ಮನ ಸಾಲಿ ಫೀ ಕೊಡೋದ ನನಗ ಸಾಕಾಗೇದ. ನಮ್ಮ ಮಂದಿ ನಿಧಿ ಅದಲ್ಲ, ಅದಕ್ಕ ಅರ್ಜಿ ಹಾಕೋಣ. ಅವರು ಹೂಂ ಅಂದ್ರ ಕಾಲೇಜು. ಇಲ್ಲಂದ್ರ, ನೀನೂ ಕೇಳಬ್ಯಾಡ, ನಾನೂ ಹೇಳೂದಿಲ್ಲ."

ಅಪ್ಪ ಅಷ್ಟು ಮಾತಾಡಿದ್ದೇ ಹೆಚ್ಚು. ನನ್ನ ಭವಿಷ್ಯವೆಲ್ಲ ಆ ಒಂದು ಹೂಂಕಾರದ ಮೇಲೆ ನಿಂತಿತು. ನಮ್ಮ ಕಡೆಯಿಂದ ಬಂದು ಪುಣೆಯಲ್ಲಿ ವ್ಯಾಪಾರ ಕೈಹತ್ತಿದ ಕೆಲವರು ಕೂಡಿಕೊಂಡು ಬಡ ವಿದ್ಯಾರ್ಥಿಗಳಿಗೆಂದು ಆ ನಿಧಿ ಇಟ್ಟಿದ್ದರು. ಅಲ್ಲಿಯವರೆಗೆ ಅರ್ಜಿ ಹಾಕಿದವರೆಲ್ಲ ಗಂಡುಹುಡುಗರು. ನನ್ನದೇ ಮೊದಲ ಹೆಣ್ಣಿನ ಅರ್ಜಿ. ಅಪ್ಪ ಅದನ್ನು ಅಂಗಡಿಯ ಅಕ್ಷರದಲ್ಲಿ, ಒಂದೂ ಚಿತ್ತಿಲ್ಲದ ಹಾಗೆ ಬರೆದು ಕೊಟ್ಟು ಬಂದ.

ಕೆಲವು ದಿನಗಳ ಮೇಲೆ ಕಾರ್ಡು ಬಂತು. ಅರ್ಜಿ ಹಾಕಿದವರ ಮನೆ ನೋಡಿಕೊಂಡು ಬರುವುದು ನಿಧಿಯ ಪದ್ಧತಿ; ಆ ಕೆಲಸಕ್ಕೆ ಪುಣೆಯ ಆಚೆಯ ದೌಂಡ ಊರಿನಲ್ಲಿ ಮಗನ ಹತ್ತಿರ ಇದ್ದ ಒಬ್ಬ ನಿವೃತ್ತ ಮಾಸ್ತರರಿದ್ದರು. ಬರುವ ಶನಿವಾರ ಮಧ್ಯಾಹ್ನ ಅವರು ಬರುತ್ತಾರೆ, ಹೆಣ್ಣುಮಗಳ ವಿಷಯವಾದ್ದರಿಂದ ಹೆಂಡತಿಯನ್ನೂ ಕರೆದುಕೊಂಡು ಬರುತ್ತಾರೆ, ಮನೆಯ ಪರಿಸ್ಥಿತಿ ನೋಡಿ ಹುಡುಗಿಯೊಡನೆ ನಾಲ್ಕು ಮಾತಾಡಿ ಹೋಗುತ್ತಾರೆ ಎಂದು ಬರೆದಿತ್ತು. ಅಪ್ಪ ಗಟ್ಟಿಯಾಗಿ ಓದಿದ. ಅಜ್ಜಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಗಂಡ ಹೆಂಡತಿ ಇಬ್ಬರೂ ಬರ್ತಾರ?"

"ಹೌದವ್ವ."

"ಮನಿ ನೋಡ್ತಾರ, ಹುಡುಗೀನ್ನ ಮಾತಾಡಸ್ತಾರ?"

"ಹಾಂಗಂತ ಬರದಾರ."

"ಹಂಗಾದ್ರ ರವಾ ತರಬೇಕು," ಎಂದಳು ಅಜ್ಜಿ. ಆ ಕ್ಷಣದಿಂದ ನನ್ನ ಅರ್ಜಿ ನನ್ನ ಕೈತಪ್ಪಿ ಹೋಯಿತು.

ನಮ್ಮವರಿಗೆ ದೋಷ ಕೊಡಲು ಬರುವಂತಿಲ್ಲ. ಹಿರಿಯ ದಂಪತಿ ಟಾಂಗಾ ಇಳಿದು ಒಬ್ಬರ ಮನೆ ನೋಡಿ, ಹುಡುಗಿಯನ್ನು ಮಾತಾಡಿಸಿ ಹೋಗುವುದು ಯಾವುದಕ್ಕೆ ಎಂದು ನಮ್ಮ ಕಡೆಯ ಯಾರನ್ನಾದರೂ ಕೇಳಿ. ಕನ್ಯಾ ನೋಡಲು ಬರುವವರ ಮುಂದೆ ಮನೆಯನ್ನು ಹೇಗೆ ಇಡಬೇಕು ಎಂಬುದು ಅಜ್ಜಿಯ ರಕ್ತದಲ್ಲೇ ಇತ್ತು; ಇಬ್ಬರು ಹೆಣ್ಣುಮಕ್ಕಳನ್ನು ಮದುವೆ ಮಾಡಿ ದಾಟಿಸಿದವಳು. ಬಡತನ ತೋರಿಸಲು ಮನೆಯನ್ನು ಹೇಗೆ ಇಡಬೇಕು ಎಂಬುದಕ್ಕೆ ನಮ್ಮಲ್ಲಿ ಶಾಸ್ತ್ರವೇ ಇರಲಿಲ್ಲ.

ಸಂಜೆಯೊಳಗೆ ಸುದ್ದಿ ನಳದ ಕಟ್ಟೆಗೆ ಹೋಯಿತು. ವಾಡೆಯೇ ಸೊಂಟಕ್ಕೆ ಸೆರಗು ಕಟ್ಟಿ ನಿಂತಿತು. ಸಕ್ಕರೆ, ರವೆ ಎಲ್ಲ ರೇಷನ್ನಿನಲ್ಲಿ ಅಳೆದು ಕೊಡುತ್ತಿದ್ದ ದಿನಗಳವು. ಆದರೂ ಮನೆಗೊಂದರಂತೆ ಬಟ್ಟಲು ಸಕ್ಕರೆ ಬಂತು, ಶಿರಾ ಆಗಬೇಕಲ್ಲ. ಕೆಳಗೆ ಬೀದಿಯ ಕಡೆಯ ಖೋಲಿಯಲ್ಲಿ ಒಬ್ಬ ಡಾಕ್ಟರರ ದವಾಖಾನೆಯಿತ್ತು. ಅಲ್ಲಿ ಔಷಧಿ ಕಟ್ಟಿ ಕೊಡುತ್ತಿದ್ದ ಕಂಪೌಂಡರ ನಮ್ಮ ಕೆಳಗಿನ ಮನೆಯಲ್ಲೇ ಇದ್ದ. ಅವನ ಹೆಂಡತಿಯನ್ನು ನಾವು ಕಾಕೂ ಎನ್ನುತ್ತಿದ್ದೆವು. ಕಾಕೂ ತನ್ನ ಮದುವೆಯ ಜಮಖಾನ ಕೊಟ್ಟಳು, ಗೋಡೆಯ ಗಡಿಯಾರ ಕೊಟ್ಟಳು, ನನಗೆ ಉಡಲು ಹಸಿರು ರೇಷ್ಮೆ ಸೀರೆ ಕೊಟ್ಟಳು. ವಾಡೆಯ ಮಾಲೀಕರ ಮನೆಯಿಂದ ನಾಲ್ಕು ಬೆಳ್ಳಿ ಲೋಟ ಬಂದವು.

ನಾನು ಸಿಡಿದೆದ್ದೆ. ಸಿಟ್ಟು ಆಗಲೂ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು.

"ಅಜ್ಜಿ, ಅವರು ಬರೋದು ನಾವು ಬಡವರು ಹೌದೋ ಅಲ್ಲೋ ನೋಡ್ಲಿಕ್ಕೆ. ನೀ ಬೆಳ್ಳಿ ಲೋಟ ಇಟ್ರ ಅವರು ಯಾಕ ಫೀ ಕೊಡ್ತಾರ?"

"ಬಡವರು ಅಂತ ತೋರಸ್ಲಿಕ್ಕೆ ಮಂದೀನ್ನ ಮನಿಗೆ ಕರೀತಾರೇನ? ಬೀದ್ಯಾಗ ನಿಂತು ತೋರಿಸಿದ್ರ ಆಗ್ತದ. ಮನಿಗೆ ಬಂದವರಿಗೆ ಮನಿ ಛಲೋನ ಕಾಣಬೇಕು."

"ಹಂಗಾದ್ರ ನನ್ನ ಕಾಲೇಜು ಹೋತು."

"ಎಲ್ಲಿ ಹೋಗ್ತದ, ಬಿಡು. ತೊಟ್ಟ ಕುಬಸ ನೆಟ್ಟಗ ಮಾಡ್ಕೋ ಮೊದಲ."

ಅವ್ವನ ಕಡೆ ನೋಡಿದೆ. ಅವ್ವ ರವೆ ಹುರಿಯುತ್ತ, ಅತ್ತೆಯ ಮಾತಿಗೆ ಎದುರಾಡುವ ಅಭ್ಯಾಸ ತನಗಿಲ್ಲ ಎನ್ನುವ ಹಾಗೆ ಬಾಣಲೆಯನ್ನೇ ನೋಡಿದಳು. ಅಪ್ಪ ಅಂಗಡಿಗೆ ಹೋಗಿಬಿಟ್ಟ. ಆ ರಾತ್ರಿ ನಾನು ಉಣ್ಣಲಿಲ್ಲ. ಅಜ್ಜಿ, ಕನ್ಯಾ ನೋಡುವ ಮುಂಚೆ ಹುಡುಗಿಯರಿಗೆ ಹಸಿವು ಹೋಗುವುದು ರೂಢಿಯೇ ಎಂದು ಅವ್ವನಿಗೆ ಹೇಳುತ್ತಿದ್ದದ್ದು ಕೇಳಿಸಿತು.

ಶನಿವಾರ ಬಂತು. ಎಲ್ಲ ಸಜ್ಜಾಗಿತ್ತು, ಒಂದು ಕೊರತೆ ಬಿಟ್ಟರೆ: ಮಾಸ್ತರರಿಗೆ ಕುರ್ಚಿ. ನಮ್ಮ ವಾಡೆಯಲ್ಲಿ ಮಾಲೀಕರ ಮುರುಕು ಕುರ್ಚಿ ಬಿಟ್ಟರೆ ಕುರ್ಚಿ ಎಂಬುದು ಇರಲಿಲ್ಲ. ಆಗ ಕಂಪೌಂಡರನಿಗೆ ಹೊಳೆಯಿತು. ದವಾಖಾನೆ ಮಧ್ಯಾಹ್ನ ಮುಚ್ಚಿದರೆ ನಾಲ್ಕಕ್ಕೆ ತೆರೆಯುವುದು. ಅಷ್ಟರಲ್ಲಿ ಬಂದವರು ನೋಡಿ, ತಿಂದು ಹೋಗಿರುತ್ತಾರೆ. ಅವನು ಡಾಕ್ಟರರನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನಬಹುದು ಎಂಬ ಭಯ. ರೋಗಿಗಳನ್ನು ಕೂಡಿಸುತ್ತಿದ್ದ, ಬೆತ್ತದ ಬೆನ್ನಿನ ದೊಡ್ಡ ಕೈಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮಹಡಿ ಹತ್ತಿಸಿ ಗಡಿಯಾರದ ಕೆಳಗೆ ಇಟ್ಟ. ಖೋಲಿ ಸಾವುಕಾರರ ಪಡಸಾಲೆಯ ಹಾಗೆ ಕಂಡಿತು. ನನಗೆ ಅಳು ಬಂತು.

ಆದರೆ ಬಂದವರು ಹೊತ್ತಿಗೆ ಬರಲಿಲ್ಲ. ಸೈನ್ಯದ ರೈಲುಗಾಡಿಗಳಿಗೆ ದಾರಿ ಬಿಟ್ಟು ಬಿಟ್ಟು ದೌಂಡದ ಗಾಡಿ ತಡವಾಗಿತ್ತು. ಅವರ ಟಾಂಗಾ ವಾಡೆಯ ಮುಂದೆ ನಿಂತಾಗ ಮೂರೂವರೆಯ ಮೇಲಾಗಿತ್ತು. ಕಟ್ಟೆಯ ಹೆಂಗಸರೆಲ್ಲ ಕೊಡ ಹಿಡಿದುಕೊಂಡೇ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮಾಸ್ತರರು ತೆಳ್ಳಗೆ ಎತ್ತರದ ಮನುಷ್ಯ, ಕೋಟು, ರುಮಾಲು, ಕೈಯಲ್ಲಿ ಛತ್ರಿ. ಅವರ ಹೆಂಡತಿ ಗುಂಡಗೆ, ಹಣೆಯ ತುಂಬ ಕುಂಕುಮ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ಅವ್ವ ಕಾಲಿಗೆ ನೀರು ಕೊಟ್ಟಳು. ಅಜ್ಜಿ ವಿಭೂತಿ ಹಚ್ಚಿಕೊಂಡು, ಇಳಕಲ್ಲಿನ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು.

"ಬರ್ರಿ ಮಾಸ್ತರ್ರ, ಕುರ್ಚಿ ಮ್ಯಾಲ ಕೂಡ್ರಿ. ಬರ್ರಿ ಬಾಯಾರ."

ಮಾಸ್ತರರು ಕೂತರು. ಸುತ್ತ ನೋಡಿದರು. ಗಡಿಯಾರ ನೋಡಿದರು, ಜಮಖಾನ ನೋಡಿದರು, ಬೆಳ್ಳಿ ಲೋಟದಲ್ಲಿ ಬಂದ ನೀರನ್ನು ಕುಡಿಯದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದರು. ಅಪ್ಪ ಮೂಲೆಯಲ್ಲಿ ನಿಂತು ನೆಲ ನೋಡುತ್ತಿದ್ದ.

"ಗಡಿಯಾರ ಛಲೋ ಅದರಿ," ಎಂದರು ಮಾಸ್ತರರು ಅಪ್ಪನಿಗೆ. "ಎಲ್ಲಿ ತಗೊಂಡ್ರಿ?"

ಅಪ್ಪ ಅಜ್ಜಿಯ ಕಡೆ ನೋಡಿದ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಹಿರಿಯರ ಕಾಲದ್ದು," ಎಂದಳು ಅಜ್ಜಿ. ಅವಳಿಗೆ ಬರುತ್ತಿತ್ತು.

ಮಾಸ್ತರರ ಹೆಂಡತಿ ಮೂಗು ಅರಳಿಸಿ, "ಏನೋ ಔಷಧದ ವಾಸನಿ ಬರ್ತದಲ್ಲ," ಎಂದರು. ಕುರ್ಚಿಗೆ ವರ್ಷಗಟ್ಟಲೆ ಅಂಟಿದ್ದ ಅಯೋಡಿನ್ ವಾಸನೆ ಅದು. ಅಜ್ಜಿ ಒಂದು ಕ್ಷಣವೂ ತಡೆಯದೆ, "ನಮ್ಮ ಮನ್ಯಾಗ ದಿನಾ ಫಿನೈಲ್ ಹಾಕಿ ನೆಲ ಒರಸ್ತೀವ್ರಿ," ಎಂದಳು. ಫಿನೈಲಿನ ಬಾಟ್ಲಿ ಹೇಗಿರುತ್ತದೆ ಎಂದು ಅವಳು ನೋಡಿರಲಿಲ್ಲ.

ನಾನು ತಾಟು ಹಿಡಿದು ಹೊರಗೆ ಬಂದೆ. ಶಿರಾ, ಉಪ್ಪಿಟ್ಟು. ತಲೆ ತಗ್ಗಿಸಿಕೊಂಡು ಬಾ ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ನಾನು ಸಿಟ್ಟಿನಲ್ಲಿ ಕತ್ತು ನೆಟ್ಟಗಿಟ್ಟುಕೊಂಡು ಬಂದೆ. ಅಜ್ಜಿ ಪೆಟ್ಟಿಗೆ ತೆಗೆದು ನಾನು ಹಾಕಿದ ಕಸೂತಿಯನ್ನು ಮಾಸ್ತರರ ಹೆಂಡತಿಯ ತೊಡೆಯ ಮೇಲೆ ಹರಡಿದಳು. ಅವರೂ ಅದನ್ನು ತಿರುವಿ, ಹಿಂದೆ ಗಂಟು ಕಾಣುತ್ತದೆಯೇ ಎಂದು ನೋಡಿ, "ಕೈ ಸ್ವಚ್ಛ ಅದ," ಎಂದರು. ತಾವು ಯಾವ ಕೆಲಸಕ್ಕೆ ಬಂದವರೆಂದು ಅವರಿಗೂ ಮರೆತಂತಿತ್ತು.

"ಹಾಡ್ತಾಳೇನ್ರಿ?"

"ಅದೊಂದು ಬಿಟ್ಟು ಎಲ್ಲಾ ಬರ್ತದ. ರೊಟ್ಟಿ ಬಡೀತಾಳ, ರಂಗೋಲಿ ಹಾಕ್ತಾಳ, ಸಿಟ್ಟು ಒಂದೀಟು ಅದ, ಸುಳ್ಳು ಯಾಕ ಹೇಳಬೇಕು."

ಗಡಿಯಾರದ ವಿಷಯದಲ್ಲಿ ಮಾತ್ರ ಸುಳ್ಳು ಹೇಳಬಹುದೇನೋ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಮಾಸ್ತರರು ಶಿರಾ ಮುಗಿಸಿದರು. ಬೆಳಗಿನಿಂದ ಗಾಡಿಯಲ್ಲಿ ಕೂತ ದಣಿವು, ಹೊಟ್ಟೆಯಲ್ಲಿ ತುಪ್ಪ, ಬೆನ್ನಿಗೆ ಬೆತ್ತದ ಕುರ್ಚಿ. ಹಿಂದಕ್ಕೆ ಒರಗಿ ಅರೆಗಣ್ಣು ಮುಚ್ಚಿದರು. ಆಗಲೇ ಮೆಟ್ಟಿಲ ಮೇಲೆ ಬೂಟಿನ ಸಪ್ಪಳವಾಯಿತು. ನಾಲ್ಕು ಹೊಡೆದಿತ್ತು. ಡಾಕ್ಟರರು ದವಾಖಾನೆ ತೆರೆದು, ಕುರ್ಚಿ ಕಾಣದೆ, ಕಂಪೌಂಡರನನ್ನು ಗದರಿಸಿ, ಮೇಲೆಯೇ ಬಂದುಬಿಟ್ಟಿದ್ದರು. ಕೊರಳಲ್ಲಿ ಸ್ಟೆತಾಸ್ಕೋಪ್ ಜೋತಾಡುತ್ತಿತ್ತು. ಹಿಂದೆ ಕಂಪೌಂಡರ, ಮುಖ ಬಿಳಿಚಿಕೊಂಡು.

ಡಾಕ್ಟರರು ಬಾಗಿಲಲ್ಲಿ ನಿಂತು ತಮ್ಮ ಕುರ್ಚಿಯನ್ನು ನೋಡಿದರು. ಅದರಲ್ಲಿ ಒಬ್ಬ ಮುದುಕ ಕಣ್ಣು ಮುಚ್ಚಿ ಒರಗಿದ್ದ. ಎಷ್ಟೋ ವರ್ಷಗಳಿಂದ ಆ ಕುರ್ಚಿಯಲ್ಲಿ ಕೂತವರನ್ನೆಲ್ಲ ಅವರು ಒಂದೇ ರೀತಿ ಕಂಡವರು. ಸೀದಾ ಹೋಗಿ ಮಾಸ್ತರರ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದರು.

"ಕಾಯ್ ಹೋತಂಯ?" ಎಂದು ಕೇಳಿದರು. ಏನಾಗುತ್ತಿದೆ ಎಂದು.

ಮಾಸ್ತರರು ಕಣ್ಣು ತೆರೆದರು. ಮುಂದೆ ಡಾಕ್ಟರು, ಕೈ ಅವರ ಕೈಯಲ್ಲಿ. ಒಂದಿಷ್ಟೂ ಗಲಿಬಿಲಿಯಾಗದೆ, ಮೊಣಕಾಲು ನೋಯುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಡಾಕ್ಟರರು ನಾಲಗೆ ತೋರಿಸಲು ಹೇಳಿದರು. ಮಾಸ್ತರರು ತೋರಿಸಿದರು.

ಮಾಸ್ತರರ ಹೆಂಡತಿ ಕಸೂತಿ ಹಿಡಿದ ಕೈ ಹಾಗೇ ಬಿಟ್ಟು ಗಂಡನ ನಾಲಗೆಯನ್ನೇ ನೋಡುತ್ತಿದ್ದರು. ಆಮೇಲೆ ಅವರು ನಿಧಾನವಾಗಿ ಅಜ್ಜಿಯ ಕಡೆ ತಿರುಗಿ, "ಡಾಕ್ಟರನ್ನೂ ಕರಸೀರೇನ್ರಿ ನಮಗ?" ಎಂದರು.

ಅಷ್ಟಕ್ಕೆ ನನ್ನ ತಾಳ್ಮೆ ಮುಗಿಯಿತು. ಹೇಗೂ ಕಾಲೇಜು ಹೋಯಿತು, ಇನ್ನು ಮರ್ಯಾದೆ ಇಟ್ಟುಕೊಂಡು ಏನು ಮಾಡುವುದು ಎನಿಸಿತು.

"ಆ ಕುರ್ಚಿ ಡಾಕ್ಟರರದ್ರೀ," ಎಂದೆ. "ಗಡಿಯಾರ ಕೆಳಗಿನ ಕಾಕೂದು. ಜಮಖಾನಾನೂ ಅವರದ. ಲೋಟ ಮಾಲೀಕರ ಮನಿಯವು. ನಾ ಉಟ್ಟಿದ್ದ ಸೀರಿ ನನ್ನದಲ್ಲ. ಇಲ್ಲೆ ನಮ್ಮದು ಅಂತ ಇರೋದು ನಾವು, ಮತ್ತ ನೀವು ತಿಂದ ಉಪ್ಪಿಟ್ಟು."

"ರವಾನೂ ಮೂರು ಮನೀದು," ಎಂದಳು ಅವ್ವ ಒಳಗಿನಿಂದ. ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿತು.

ಅಪ್ಪ ಮೂಲೆಯಿಂದ ಮುಂದೆ ಬಂದು ಕೈಮುಗಿದ. "ತಪ್ಪಾಗೇದ್ರೀ. ಅರ್ಜಿಯೊಳಗ ನಾ ಬರದದ್ದು ಖರೇನ ಅದ. ಮನಿಯೊಳಗ ಇಟ್ಟದ್ದು ಸುಳ್ಳು."

ಮಾಸ್ತರರು ನಾಲಗೆಯನ್ನು ಒಳಗೆ ಎಳೆದುಕೊಂಡರು. ಭುಜ ಅಲುಗಲು ಶುರುವಾಯಿತು. ಮೊದಲು ಅವರಿಗೆ ಕೆಮ್ಮು ಬಂದಿದೆ ಎಂದುಕೊಂಡೆ. ಅದು ನಗು. ನಕ್ಕು ನಕ್ಕು ರುಮಾಲು ಸರಿದು, ಕಣ್ಣಲ್ಲಿ ನೀರು ಬಂತು. ಅವರ ಹೆಂಡತಿ ನಕ್ಕರು, ಕಂಪೌಂಡರ ಹೆದರಿಕೊಂಡೇ ನಕ್ಕ, ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೇಳುತ್ತಿದ್ದ ವಾಡೆಯ ಹೆಂಗಸರೆಲ್ಲ ನಕ್ಕರು. ಡಾಕ್ಟರರೊಬ್ಬರಿಗೆ ಏನೂ ತಿಳಿಯದೆ, ನಗುವಾಗ ನಾಡಿ ಸಿಗುವುದಿಲ್ಲ ಎಂದು ಗೊಣಗಿದರು.

ಮಾಸ್ತರರು ಎದ್ದು ಕುರ್ಚಿಯನ್ನು ಡಾಕ್ಟರರ ಕಡೆ ಸರಿಸಿದರು. ಜಮಖಾನದ ಅಂಚನ್ನು ಕಾಲಿನಿಂದ ಮಡಚಿ ಬರಿಯ ನೆಲದ ಮೇಲೆ ಕೂತರು.

"ನಾ ಎಷ್ಟೋ ಮನಿ ನೋಡೀನಿ," ಎಂದರು ಅಜ್ಜಿಗೆ. "ನಾ ಬರ್ತೀನಂದ್ರ ಇದ್ದ ತಾಟು ಬಟ್ಟಲಾನೂ ಮುಚ್ಚಿಡ್ತಾರ. ಇಲ್ಲದ್ದು ತಂದಿಟ್ಟವರನ್ನ ಇವತ್ತ ನೋಡಿದೆ. ಹಿಂಗ್ಯಾಕ ಮಾಡಿದ್ರಿ ಅಜ್ಜಿ?"

ಅಜ್ಜಿಗೆ ನಾಚಿಕೆ ಎಂಬುದೇ ಇರಲಿಲ್ಲ. "ಕನ್ಯಾ ನೋಡ್ಲಿಕ್ಕೆ ಬಂದವರ ಮುಂದ ಮನ್ಯಾಗ ಏನೂ ಇಲ್ಲ ಅಂತ ಕೂಡ್ತಾರೇನ್ರಿ?"

"ನಾವು ಕನ್ಯಾ ನೋಡ್ಲಿಕ್ಕೆ ಬಂದಿಲ್ಲಲ್ಲ," ಎಂದರು ಮಾಸ್ತರರ ಹೆಂಡತಿ.

"ಮತ್ತೇನ ನೋಡ್ಲಿಕ್ಕೆ ಬಂದೀರಿ? ಇಕೀನ್ನ ಹೌದಲ್ಲೋ? ಗಂಡಿನವರು ಕೆಲಸಕ್ಕ ತಗೊಂಡ ಹೋಗ್ತಾರ, ನೀವು ಓದಸ್ಲಿಕ್ಕೆ ತಗೊಂಡ ಹೋಗ್ತೀರಿ. ನೋಡಿ ತಗೊಂಡ ಹೋಗ್ರಿ. ಹುಡುಗಿ ಎರವಲು ಅಲ್ಲ, ನಮ್ಮದ ಅದ."

ಮಾಸ್ತರರು ಸರಿದ ರುಮಾಲನ್ನು ನೆಟ್ಟಗೆ ಮಾಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ರಂಗೋಲಿ ಹಾಕ್ತಾಳ ಅಂದ್ರಲ್ಲ, ಹಾಕಲಿ ನೋಡೋಣ," ಎಂದರು. ಇವರೂ ಅಜ್ಜಿಯ ಕಡೆಗೇ ಸೇರಿದರಲ್ಲ ಎನಿಸಿತು. ಅವ್ವ ರಂಗೋಲಿಯ ಡಬ್ಬಿ ತಂದುಕೊಟ್ಟಳು. "ಒಂದು ವೃತ್ತ ಹಾಕು," ಎಂದರು ಅವರು. "ಹೊರಗ ಒಂದು ಚುಕ್ಕಿ ಇಡು. ಆ ಚುಕ್ಕಿಯಿಂದ ವೃತ್ತಕ್ಕ ಎರಡು ಕಡೆ ಮುಟ್ಟಿ ಹೋಗೂ ಹಂಗ ಎರಡು ಗೆರಿ ಎಳಿ. ಎರಡೂ ಉದ್ದ ಒಂದ ಇರ್ತಾವ ಅಂತ ನನಗ ತೋರಿಸಿ ಕೊಡು."

ಅವರು ಗಣಿತದ ಮಾಸ್ತರರಾಗಿದ್ದರು. ಯಾರೂ ನನಗೆ ಹೇಳಿರಲಿಲ್ಲ.

ಕಾಕೂನ ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ ನೆಲಕ್ಕೆ ಕೂತೆ. ಕಸೂತಿಯ ಪೆಟ್ಟಿಗೆಯಿಂದ ಎಳೆದ ನೂಲಿನ ಒಂದು ತುದಿಯನ್ನು ಎಡಗೈ ಬೆರಳಿಂದ ಒತ್ತಿ ಹಿಡಿದು, ಇನ್ನೊಂದು ತುದಿಯ ಜೊತೆಗೆ ರಂಗೋಲಿ ಬಿಡುತ್ತ ವೃತ್ತ ತಿರುಗಿಸಿದೆ. ಚುಕ್ಕಿ ಇಟ್ಟೆ, ಗೆರೆ ಎಳೆದೆ. ನಡುವಿನ ಬಿಂದುವಿನಿಂದ ಗೆರೆ ಮುಟ್ಟಿದ ಕಡೆಗೆ ಎರಡು ತ್ರಿಜ್ಯ, ಹೊರಗಿನ ಚುಕ್ಕಿಗೆ ಇನ್ನೊಂದು ಗೆರೆ. ಎರಡು ತ್ರಿಕೋನ ಎದ್ದು ಬಂದವು. ಇಲ್ಲೂ ಲಂಬಕೋನ, ಅಲ್ಲೂ ಲಂಬಕೋನ. ಈ ಬದಿ ಎರಡಕ್ಕೂ ಒಂದೇ. ತ್ರಿಜ್ಯ ತ್ರಿಜ್ಯ ಸಮ. ಅಂದಮೇಲೆ ಉಳಿದದ್ದೂ ಸಮ. ಹೇಳುತ್ತ ಹೇಳುತ್ತ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನನಗೆ ಖುಷಿಯಾಗಿತ್ತು, ಬರೀ ಖುಷಿ. ಕೆಳಗೆ ರೋಗಿಗಳು ಕೂಗುತ್ತಿದ್ದರೂ ಡಾಕ್ಟರರು ತಮ್ಮ ಕುರ್ಚಿಯಲ್ಲಿ ಕೂತು ಬಾಗಿ ನೋಡುತ್ತಿದ್ದರು.

ಮಾಸ್ತರರು ಇನ್ನೊಂದು ಕೇಳಿದರು, ಅದಕ್ಕಿಂತ ಕಠಿಣವಾದದ್ದು. ಅದನ್ನೂ ಮಾಡಿದೆ. ಮೂರನೆಯದನ್ನು ಅವರು ಹೇಳಿದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಮಾಡಿದೆ. ಅವರು ತಡೆದು, ಇದು ಹೇಗೆ ಎಂದು ವಾದಿಸಿ, ಆಮೇಲೆ ಹೌದೆಂದು ತಲೆಯಾಡಿಸಿದರು. ಅಜ್ಜಿ ಎಲ್ಲವನ್ನೂ ಗಮನವಿಟ್ಟು ನೋಡಿ, "ನಡುವ ಒಂದು ಹೂವು ಹಾಕಬೇಕಿತ್ತು," ಎಂದಳು.

ಹೊರಡುವ ಹೊತ್ತಾಯಿತು. ಅವ್ವ ಮಾಸ್ತರರ ಹೆಂಡತಿಗೆ ಅರಿಷಿಣ ಕುಂಕುಮ ಕೊಟ್ಟಳು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಶಾಸ್ತ್ರದಲ್ಲಿ ಇನ್ನೊಂದು ಉಳಿದಿತ್ತು.

"ಹುಡುಗಿ ಪಸಂದ ಆತೇನ್ರಿ?"

ಮಾಸ್ತರರ ಹೆಂಡತಿ ಗಂಡನ ಮುಖ ನೋಡಲಿಲ್ಲ. "ನನಗಂತೂ ಪಸಂದ ಅದ," ಎಂದು ನನ್ನ ಗಲ್ಲ ಮುಟ್ಟಿದರು.

"ಹಂಗಾದ್ರ ಕೊಡೋದು ತಗೊಳ್ಳೋದು ಮಾತಾಡಿಬಿಡೋಣ. ಫೀ ಅಷ್ಟ ಆದ್ರ ಸಾಲೂದಿಲ್ಲ. ಪುಸ್ತಕದ್ದು ಯಾರು ನೋಡವರು?"

ಅಪ್ಪ "ಅವ್ವಾ" ಎಂದ. ಅಜ್ಜಿ ಅವನ ಕಡೆ ತಿರುಗಲೇ ಇಲ್ಲ. ಮಾಸ್ತರರು ಛತ್ರಿ ಎತ್ತಿಕೊಂಡು, ನಗು ತಡೆದು, "ಕಮಿಟಿ ಮುಂದ ಇಡಬೇಕ್ರಿ ಅಜ್ಜಿ. ಹೋಗಿ ತಿಳಸ್ತೀವಿ," ಎಂದರು.

ಆ ಮಾತಿಗೆ ಅಜ್ಜಿಯ ಮುಖ ಕಪ್ಪಿಟ್ಟಿತು. ಟಾಂಗಾ ಹೋದ ಮೇಲೂ ಅವಳು ಬಾಗಿಲಲ್ಲೇ ನಿಂತಿದ್ದಳು. ನಮ್ಮ ಕಡೆ ಹೋಗಿ ತಿಳಿಸ್ತೀವಿ ಎಂದರೆ ಏನರ್ಥ ಎಂದು ಕನ್ಯಾ ಇದ್ದ ಮನೆಯವರಿಗೆಲ್ಲ ಗೊತ್ತು. ನನ್ನ ದೊಡ್ಡ ಸೋದರತ್ತೆಯನ್ನು ನೋಡಿದವರಲ್ಲಿ ಎಷ್ಟೋ ಮಂದಿ ಹೋಗಿ ತಿಳಿಸುತ್ತೇವೆ ಎಂದವರು ಇನ್ನೂ ತಿಳಿಸಿರಲಿಲ್ಲ.

"ನಾನ ಕೆಡಸಿದೆ," ಎಂದಳು ಅಜ್ಜಿ. ಅವಳ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ಇಷ್ಟು ದಿನ ಅವಳ ಮೇಲಿದ್ದ ಸಿಟ್ಟನ್ನೆಲ್ಲ ಮರೆತು ನಾನೇ ಅವಳಿಗೆ ಸಮಾಧಾನ ಹೇಳಬೇಕಾಯಿತು. ಪರೀಕ್ಷೆ ಬಂತು, ಬರೆದೆ. ಬೇಸಗೆ ಬಂತು. ಅಂಚೆಯವನ ಸಪ್ಪಳ ಕೇಳಿದರೆ ಅಜ್ಜಿ ಜೋಳದ ಮೊರ ಬಿಟ್ಟು ಕಿಟಕಿಗೆ ಹೋಗುತ್ತಿದ್ದಳು, ಏನೂ ಇಲ್ಲದಿದ್ದರೆ ಅವನಿಗೇ ಬಯ್ಯುತ್ತಿದ್ದಳು. ಜೂನಿನಲ್ಲಿ ನನ್ನ ಫಲಿತಾಂಶ ಬಂತು. ಗಣಿತದಲ್ಲಿ ಶಾಲೆಗೇ ಮೊದಲಿದ್ದೆ. ಆದರೂ ಮನೆಯಲ್ಲಿ ಯಾರೂ ಪೇಢೆ ಹಂಚೋಣ ಎನ್ನಲಿಲ್ಲ. ನಿಧಿಯವರ ಮಾತು ಬರದೆ ಆ ಅಂಕಗಳನ್ನು ಇಟ್ಟುಕೊಂಡು ಏನು ಮಾಡುವುದು?

ಅದಾದ ಒಂದು ಮಧ್ಯಾಹ್ನ ಅಪ್ಪ ಅಂಗಡಿಯಿಂದ ಓಡುತ್ತ ಬಂದ. ಅಪ್ಪ ಓ‍ಡಿದ್ದನ್ನು ವಾಡೆಯಲ್ಲಿ ಯಾರೂ ಕಂಡಿರಲಿಲ್ಲ. ಪಗಡಿ ಕೈಯಲ್ಲಿತ್ತು, ಕಾಲಲ್ಲಿ ಒಂದೇ ಚಪ್ಪಲಿ. ಮಾಸ್ತರರು ಸ್ವತಃ ಅಂಗಡಿಗೆ ಬಂದು ಹೇಳಿಹೋಗಿದ್ದರು: ಪೂರ್ತಿ ಫೀ, ಓದು ಮುಗಿಯುವವರೆಗೆ. ಅಪ್ಪನಿಗೆ ಮೇಲೆ ಬರುವಷ್ಟು ಉಸಿರಿರಲಿಲ್ಲ. ಅಂಗಳದಲ್ಲಿ ನಿಂತೇ ಕೂಗಿ ಹೇಳಿದ.

"ಪುಸ್ತಕದ್ದು?" ಎಂದು ಅಜ್ಜಿ ಮಹಡಿಯ ಕಿಟಕಿಯಿಂದ ಕೇಳಿದಳು.

"ಪುಸ್ತಕದ್ದೂ," ಎಂದ ಅಪ್ಪ, ಮತ್ತು ನಳದ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟ.

ಸಕ್ಕರೆ ಇರಲಿಲ್ಲ, ಅಜ್ಜಿ ವಾಡೆಗೆಲ್ಲ ಬೆಲ್ಲ ಹಂಚಿದಳು. ದವಾಖಾನೆಗೆ ಇಳಿದು ಹೋಗಿ ಡಾಕ್ಟರರ ಬಾಯಿಗೇ ಒಂದು ತುಂಡು ಹಾಕಿ ಬಂದಳು. ಸಂಬಂಧ ಗಟ್ಟಿಯಾಯಿತು ಎಂದು ಎಲ್ಲರಿಗೂ ಹೇಳಿದಳು. "ಹುಂಡಾ, ವರದಕ್ಷಿಣಿ ಅಂತ ಕೇಳಲಿಲ್ಲ ನೋಡ್ರಿ, ತಿರುಗಿ ಅವರ ಕೊಡ್ತಾರ," ಎಂದು ಕಾಕೂಗೆ ಹೇಳುವಾಗ ಅವಳ ದನಿ ಬೀದಿಗೆ ಕೇಳುತ್ತಿತ್ತು.

ಕಾಲೇಜು ಶುರುವಾದ ದಿನ ಬೆಳಿಗ್ಗೆ ಅಜ್ಜಿ ನನ್ನನ್ನು ಮಣೆಯ ಮೇಲೆ ಕೂಡಿಸಿದಳು. ಗಂಡನ ಮನೆಗೆ ಹೋಗುವ ಹುಡುಗಿಗೆ ತುಂಬುವ ಹಾಗೆ ಅವ್ವನಿಂದ ನನಗೆ ಉಡಿ ತುಂಬಿಸಿದಳು: ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ. ನಾನು ತಡವಾಗುತ್ತದೆ ಎಂದು ಚಡಪಡಿಸಿದೆ. ಅಜ್ಜಿ ಕೇಳಲಿಲ್ಲ. ಅವ್ವ ನಿಜವಾಗಿಯೂ ಅತ್ತಳು, ಕಾಕೂನೂ ಅತ್ತಳು. ಹೊರಗೆ ಕಾಲಿಡುವ ಮುಂಚೆ ಅಜ್ಜಿ ನನ್ನ ನೆತ್ತಿ ಸವರಿ, "ಹೋದ ಮನ್ಯಾಗ ಸಿಟ್ಟು ಮಾಡಬ್ಯಾಡ," ಎಂದಳು.

ಆ ಕಾಲೇಜಿನ ಮೊದಲ ದಿನ ಏನೇನಾಯಿತು ಎಂದು ಹೇಳಹೊರಟರೆ ಬೇರೆ ಕತೆಯೇ ಆದೀತು. ಮೂರು ಹುಡುಗಿಯರು, ನೂರೆಂಟು ಹುಡುಗರು, ಮುಂದಿನ ಬೆಂಚು, ಗೋಡೆಯುದ್ದಕ್ಕೂ ಕಪ್ಪು ಹಲಗೆ. ಸಂಜೆ ಪುಸ್ತಕ ಎದೆಗವಚಿಕೊಂಡು ಹಾರುತ್ತ ಬಂದೆ. ವಾಡೆಯ ದೊಡ್ಡ ಬಾಗಿಲ ಹತ್ತಿರ ಕಲ್ಲಿನ ಮೇಲೆ ಅಜ್ಜಿ ಕೂತಿದ್ದಳು. ಮೊಣಕಾಲಿನ ನೋವಿಗೆ ಮಹಡಿ ಇಳಿಯುವುದೇ ಅಪರೂಪ ಮಾಡಿದ್ದವಳು. ಮಧ್ಯಾಹ್ನದಿಂದಲೂ ಅಲ್ಲೇ ಕೂತಿದ್ದಾಳೆ, ಎಷ್ಟು ಕರೆದರೂ ಏಳಲಿಲ್ಲ ಎಂದು ಕಾಕೂ ಹೇಳಿದಳು.

ಅಜ್ಜಿ ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ನೋಡಿದಳು.

"ಬಂದ್ಯಾ?"

"ಬಂದೆ ಅಜ್ಜಿ."

"ನಾಳೆ ಮತ್ತ ಹೋಗ್ತಿ?"

"ಹೋಗ್ತೀನಿ."

"ಸಂಜಿಗೆ ಮತ್ತ ಬರ್ತಿ?"

"ಬರ್ತೀನಿ. ದಿನಾ ಬರ್ತೀನಿ."

ಅವಳು ತಲೆಯಾಡಿಸಿದಳು. ಅವಳಿಗೆ ನನ್ನ ತಮ್ಮನಿಗಿಂತ ಸಣ್ಣ ವಯಸ್ಸಿದ್ದಾಗ ಉಡಿ ತುಂಬಿ ಗಂಡನ ಮನೆಯ ಎತ್ತಿನ ಚಕ್ಕಡಿ ಹತ್ತಿಸಿದ್ದರು. ಆ ಮಾತನ್ನು ಅವಳು ಅಲ್ಲಿಯವರೆಗೆ ನನಗೆ ಎಂದೂ ಹೇಳಿರಲಿಲ್ಲ. ಆವತ್ತು ಕಲ್ಲಿನ ಮೇಲೆ ಕೂತು, ನನ್ನ ಪುಸ್ತಕಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು. "ನಾ ಅತ್ತೀ ಮನಿಗೆ ಹೋದಾಗ ನಮ್ಮವ್ವ ಬಾಗಿಲಾಗ ನಿಂತಿದ್ಲು. ತಿರುಗಿ ತವರಿಗೆ ನನ್ನ ಕಳಿಸೋದ್ರಾಗ ಅಕಿ ತೀರಿ ಹೋಗಿಬಿಟ್ಟಿದ್ಲು. ನೀ ಸಂಜಿಗೇ ಬಂದೆಲ್ಲ."

ನಾನು ಅವಳ ಪಕ್ಕ ಕೂತೆ. ಅವಳು ನಗುತ್ತಿದ್ದಳು. ದವಾಖಾನೆಗೆ ಬರುವವರು, ಅಂಗಡಿ ಮುಚ್ಚಿ ಹೋಗುವವರು, ನೀರಿಗೆ ಬರುವವರು, ಎಲ್ಲರನ್ನೂ ತಡೆದು ತಡೆದು ಹೇಳುತ್ತಿದ್ದಳು.

"ನೋಡ್ರಿ, ಮುಂಜಾನೆ ಕೊಟ್ಟಿದ್ವಿ. ಸಂಜಿಗೆ ತಿರುಗಿ ಕಳಿಸ್ಯಾರ."